ಕೆಂಪಣ್ಣನ ಕಾಯಿಲ್

ಸಂಜೆ ಒಂದೇ ಕಿಕ್ಕಿಗೆ ಎದ್ದು ಬೀದಿಗೆಲ್ಲ ಕೇಳುವ ಹಾಗೆ ಗುಡುಗಿದ ಗಾಡಿ, ಬೆಳಿಗ್ಗೆ ನೋಡಿದರೆ ಹೆಣ. ಒಂದು ಸಲ ಹೀಗಾದರೆ ಸಾಮಾನು ಸರಿಯಿಲ್ಲ ಅನ್ನಬಹುದು. ಎರಡನೇ ಸಲ ಆದರೆ ಗ್ರಹಚಾರ ಅನ್ನಬಹುದು. ಮೂರನೇ ಸಲವೂ ಆದಾಗ ನನ್ನ ತಲೆ ಕೆಟ್ಟಿತು, ತಲೆಯ ಹಿಂದೆಯೇ ಬಾಯಿಯೂ ಕೆಟ್ಟಿತು, ಆಡಬಾರದವರಿಗೆ ಆಡಬಾರದ ಮಾತು ಆಡಿಬಿಟ್ಟೆ. ಅದನ್ನು ಮುಚ್ಚಿಟ್ಟುಕೊಂಡರೆ ನನಗೆ ಊಟ ಸೇರುವುದಿಲ್ಲ. ಅದಕ್ಕೇ ಹೇಳುತ್ತಿದ್ದೇನೆ.

ನಾನು ರುದ್ರಸ್ವಾಮಿ. ಚಾಮರಾಜಪುರಂನಲ್ಲಿ ಒಂದೇ ಶಟರಿನ ಗ್ಯಾರೇಜು. ಮೂವತ್ತೊಂದು ವರ್ಷದಿಂದ ಹಳೇ ಮೋಟಾರ್ ಸೈಕಲ್ ರಿಪೇರಿಯೇ ನನ್ನ ಕೆಲಸ. ಗಾಡಿ ಬೀದಿ ತಿರುವಿನಲ್ಲಿ ಬರುವಾಗಲೇ ಸದ್ದು ಕೇಳಿ ಏನು ಕೆಟ್ಟಿದೆ ಅಂತ ಹೇಳುತ್ತೇನೆ ಅಂತ ಜನ ಹೇಳುತ್ತಾರೆ. ಜನ ಹೇಳಿದ್ದನ್ನು ನಾನೂ ನಂಬಿಕೊಂಡಿದ್ದೆ.

ಈ ಗಾಡಿ ಎಪ್ಪತ್ತೊಂಬತ್ತನೇ ಇಸವಿಯ ಯೆಜ್ಡಿ. ಗಾಡಿಯ ಯಜಮಾನರು ಅಮರೇಶ್ ಅಂತ, ಸಿದ್ಧಾರ್ಥನಗರದ ಹಲ್ಲಿನ ಡಾಕ್ಟರು. ಒಳ್ಳೆಯ ಮನುಷ್ಯರೇ, ಆದರೆ ಮೊಬೈಲಿನಲ್ಲಿ ವಿಡಿಯೋ ನೋಡುತ್ತಾರೆ. ನೋಡಿಕೊಳ್ಳಲಿ, ನೋಡಿದ್ದನ್ನೆಲ್ಲ ನನ್ನ ಅಂಗಡಿಗೆ ಹೊತ್ತುಕೊಂಡು ಬರುತ್ತಾರೆ, ಅದು ನನಗೆ ಆಗದು. ನಾನೇನಾದರೂ ಅವರ ಕ್ಲಿನಿಕ್ಕಿಗೆ ಹೋಗಿ, ಡಾಕ್ಟ್ರೇ, ದವಡೆ ಹಲ್ಲನ್ನು ಹೀಗೆ ಕೀಳಿ ಅಂತ ಹೇಳುತ್ತೇನೆಯೇ?

ಆ ಗಾಡಿಯಲ್ಲಿ ಪ್ಲಗ್ಗಿಗೆ ಕಿಡಿ ಕೊಡುತ್ತಿದ್ದ ಪಾಯಿಂಟು, ತಾಮ್ರದ ತಂತಿ ಸುತ್ತಿದ ಹಳೇ ಕಾಯಿಲು ಎಲ್ಲ ತೆಗೆಸಿ ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿಸಿದ್ದು ಅವರೇ. ಪಾಯಿಂಟು ಇದ್ದ ಕಾಲದಲ್ಲಿ ಗಾಡಿ ನಿಂತರೆ ಪುಟ್ಟ ಮುಚ್ಚಳ ಬಿಚ್ಚಿ, ಮರಳು ಕಾಗದದಲ್ಲಿ ಎರಡು ಸಲ ಉಜ್ಜಿ, ಮತ್ತೆ ಹೊರಡಬಹುದಿತ್ತು. ಈಗ ಅಲ್ಲಿ ಬೆಂಕಿಪೊಟ್ಟಣದಷ್ಟು ದೊಡ್ಡ ಒಂದು ಕಪ್ಪು ಡಬ್ಬಿ. ಒಳಗೆ ಏನಿದೆಯೋ ಕಾಣದ ಹಾಗೆ ಡಾಂಬರಿನಂಥದ್ದನ್ನು ಸುರಿದು ಮುಚ್ಚಿದ್ದಾರೆ. ಬಿಚ್ಚುವ ಹಾಗಿಲ್ಲ, ಉಜ್ಜುವ ಹಾಗಿಲ್ಲ. ಕೆಟ್ಟರೆ ಎಸೆಯಬೇಕು, ಕೆಟ್ಟಿದೆಯೋ ಇಲ್ಲವೋ ಅನ್ನುವುದನ್ನು ದೇವರೇ ಬಂದು ಹೇಳಬೇಕು.

ಜೂನ್ ಕೊನೆಯಲ್ಲಿ ಗಾಡಿ ಬಂತು. ಪ್ಲಗ್ಗಿಗೆ ಕರೆಂಟ್ ಬರುತ್ತಿರಲಿಲ್ಲ. ಹೊಸ ಕಾಯಿಲ್ ಹಾಕಿದೆ, ಎದ್ದಿತು. ಮಾರನೇ ದಿನ ಬೆಳಿಗ್ಗೆ ಡಾಕ್ಟರ ಮನೆ ಗೇಟಿನಲ್ಲಿ ಸತ್ತಿತು. ಪ್ಲಗ್ ಬದಲಾಯಿಸಿದೆ, ಪ್ಲಗ್ಗಿನ ಟೋಪಿ ಬದಲಾಯಿಸಿದೆ. ಫ್ರೇಮಿಗೆ ಹೊಸ ಪೇಂಟ್ ಹೊಡೆಸಿದ್ದರಲ್ಲ, ಅರ್ಥಿಂಗ್ ಸಿಗುತ್ತಿಲ್ಲವೇನೋ ಅಂತ ಬೋಲ್ಟಿನ ಸುತ್ತ ಪೇಂಟ್ ಕೆರೆದು ಬೇರೆ ವೈರ್ ಎಳೆದೆ. ಆ ಕಪ್ಪು ಡಬ್ಬಿಯನ್ನೂ ಬದಲಾಯಿಸಿದೆ. ಎರಡನೇ ಕಾಯಿಲ್ ಹಾಕಿದೆ. ಎದ್ದಿತು. ಎರಡು ದಿನ ಬಿಸಿಲಿತ್ತು, ಓಡಿತು. ಮೂರನೇ ದಿನ ಬೆಳಿಗ್ಗೆ ತುಂತುರು ಹನಿ ಬಿತ್ತು, ಮತ್ತೆ ಸತ್ತಿತು. ಕಿಕ್ ಹೊಡೆದು ಹೊಡೆದು ನನ್ನ ಬಲಮೊಣಕಾಲು ಊದಿಕೊಂಡಿತು. ಮನೆಯಲ್ಲಿ ಪ್ರೇಮಲೀಲಾ ಕೊಬ್ಬರಿ ಎಣ್ಣೆ ತಿಕ್ಕುತ್ತಾ, "ಆ ಗಾಡಿ ಬೇಡ ಅಂತ ವಾಪಸ್ ಕಳ್ಸಿಬಿಡ್ರೀ," ಅಂದಳು. ಮೂವತ್ತು ವರ್ಷ ನನ್ನ ಜೊತೆ ಸಂಸಾರ ಮಾಡಿದವಳು ಹಾಗೆ ಅನ್ನಬಹುದೇ? ಆವತ್ತು ರಾತ್ರಿ ಅವಳ ಜೊತೆ ಮಾತು ಬಿಟ್ಟೆ.

ಕೆಲಸದಲ್ಲಿ ನಾನು ಅರ್ಧಂಬರ್ಧ ಮಾಡುವವನಲ್ಲ. ಗಾಡಿಗೆ ಯಾವ ಹೊಸ ಸಾಮಾನು ಹಾಕಿದರೂ ಮೊದಲು ಎಬ್ಬಿಸಿ ನೋಡುತ್ತೇನೆ, ಆಮೇಲೆ ಬಲ್ಲಾಳ್ ಸರ್ಕಲ್ಲಿನವರೆಗೆ ಓಡಿಸಿ ನೋಡುತ್ತೇನೆ. ಎಲ್ಲ ಸರಿ ಅಂತಾದ ಮೇಲೆ ಗಿರಾಕಿಗೆ ಕೊಡುವ ಮುಂಚೆ ಆ ಹೊಸ ಸಾಮಾನಿಗೆ ವಿಭೂತಿ ಹಚ್ಚುತ್ತೇನೆ. ನಾನು ಓದಿದ್ದು ಮಠದ ಹಾಸ್ಟೆಲಿನಲ್ಲಿ. ಅಲ್ಲಿ ಹೊಸ ರುಬ್ಬುಗುಂಡು ಬರಲಿ, ಹೊಸ ಬಿಂದಿಗೆ ಬರಲಿ, ಅಡುಗೆಮನೆಯ ಗುರುಮಲ್ಲಪ್ಪನವರು ಅಂಗೈಯಲ್ಲಿ ವಿಭೂತಿಗೆ ನೀರು ಕಲಸಿ ಮೂರು ಬೆರಳು ಎಳೆದೇ ಅದನ್ನು ಬಳಕೆಗೆ ಬಿಡುತ್ತಿದ್ದರು. ಆ ಅಭ್ಯಾಸ ನನ್ನ ಕೈಗೆ ಅಂಟಿಕೊಂಡಿದೆ. ಕ್ಲಚ್ಚಿನ ಮುಚ್ಚಳಕ್ಕೆ, ಚೈನಿನ ಡಬ್ಬಿಗೆ, ಕಾರ್ಬೊರೇಟರಿಗೆ, ಏನು ಹೊಸದೋ ಅದಕ್ಕೆ ಮೂರು ಗೆರೆ. ಚರ್ಚಿನ ಫಾದರ್ ಒಬ್ಬರ ಸ್ಕೂಟರಿಗೂ ಹಚ್ಚಿದ್ದೇನೆ, ಅವರು ನಕ್ಕು ಸುಮ್ಮನಾದರು. ಈ ಯೆಜ್ಡಿಗೂ ಟ್ಯಾಂಕ್ ಎತ್ತಿ, ಎರಡು ಕಾಯಿಲಿಗೂ ಹಚ್ಚಿಯೇ ಕಳಿಸಿದ್ದೆ. ಇಷ್ಟೆಲ್ಲ ಮಾಡಿದರೂ ಸಾಯುತ್ತಿದೆಯಲ್ಲ ಅಂತ ನನಗೆ ಉರಿ.

ಎರಡನೇ ಕಾಯಿಲೂ ಹೋದ ಮೇಲೆ ನನಗೆ ಕೆಂಪಣ್ಣ ನೆನಪಾದರು.

ಲಷ್ಕರ್ ಮೊಹಲ್ಲಾದಲ್ಲಿ ವೈಂಡಿಂಗ್ ಕೆಂಪಯ್ಯ ಅಂದರೆ ಎಲ್ಲರಿಗೂ ಗೊತ್ತು. ಫ್ಯಾನು, ಮಿಕ್ಸಿ, ಬೋರ್‌ವೆಲ್ಲಿನ ಮೋಟಾರು, ಸುಟ್ಟುಹೋದದ್ದು ಏನೇ ಇರಲಿ, ಹಳೇ ತಂತಿ ಕಿತ್ತು ಹೊಸ ತಾಮ್ರದ ತಂತಿ ಸುತ್ತಿ ಕೊಡುವವರು. ವರುಣದ ಕಡೆ ಹೊಲ ಉಳುತ್ತಿದ್ದ ಮನೆಯವರು, ಹದಿನೇಳನೇ ವಯಸ್ಸಿಗೆ ಇಲ್ಲಿ ಬಂದು ಸುತ್ತಲು ಕೂತವರು ಇನ್ನೂ ಎದ್ದಿಲ್ಲ. ನನಗಿಂತ ಎಂಟು ವರ್ಷ ದೊಡ್ಡವರು. ನಾನು ಅಂಗಡಿ ಇಟ್ಟಾಗ ಮೊದಲು ನನಗೆ ಕಾಯಿಲ್ ಸುತ್ತಿಕೊಟ್ಟವರು ಅವರೇ. ಅವತ್ತಿನಿಂದ ನಾನು ಅವರಿಗೆ ಕೆಂಪಣ್ಣ ಅನ್ನುತ್ತೇನೆ, ಅವರು ನನಗೆ ಸ್ವಾಮಿ ಅನ್ನುತ್ತಾರೆ. ಒಬ್ಬರಿಗೊಬ್ಬರು ಒಂದು ದಿನವೂ ಏಕವಚನದಲ್ಲಿ ಮಾತಾಡಿದವರಲ್ಲ.

ಎರಡು ವರ್ಷದಿಂದ ಅವರಿಗೆ ಕಣ್ಣು ಮಂದ. ಒಂದು ಕಣ್ಣಿಗೆ ಆಪರೇಷನ್ ಆಗಿದೆ, ಇನ್ನೊಂದಕ್ಕೆ ಆಗಬೇಕು. ಹೋದ ವರ್ಷ ಯಾರದೋ ಫ್ಯಾನು ಸುತ್ತಿದ್ದು ಉಲ್ಟಾ ತಿರುಗಿತಂತೆ. ಮಗಳು ಸಿಂಚನ ಬ್ಯಾಂಕಿನಲ್ಲಿದ್ದಾಳೆ. "ಅಪ್ಪಾ, ಸಾಕು, ಜನ ನಗೋಕೆ ಮುಂಚೆ ನಿಲ್ಸು," ಅಂತ ಅವತ್ತಿನಿಂದ ಅವಳದು ಒಂದೇ ಹಟ. ನಾನು ಹೋಗಿ ಯೆಜ್ಡಿಯ ಕಥೆ ಹೇಳಿ, ಅಂಗಡಿ ಸಾಮಾನು ನಂಬುವ ಹಾಗಿಲ್ಲ, ನೀವೇ ಒಂದು ಸುತ್ತಿಕೊಡಿ ಅಂದೆ. ಕೆಂಪಣ್ಣ ಮಗಳಿಗೆ ಕೇಳುವ ಹಾಗೆಯೇ ಹೇಳಿದರು.

"ಇದೊಂದು ಸುತ್ತಿ ನೋಡ್ತೀನಿ ಸ್ವಾಮಿ. ಇದು ಓಡಿದ್ರೆ ನನ್ನ ಕೈ ಇನ್ನೂ ಐತೆ ಅಂತ. ಓಡದೇ ಹೋದ್ರೆ ಇವಳು ಏಳ್ದಂಗೇ ಬಾಗ್ಲು ಆಕ್ಬುಡ್ತೀನಿ, ಮತ್ತೆ ಮಾತಿಲ್ಲ."

ಸಿಂಚನ ನನ್ನ ಮುಖ ನೋಡಿದಳು. ಅವಳಿಗೂ ಅದು ಒಪ್ಪಿಗೆಯಾಯಿತು ಅಂತ ನನಗೆ ತಿಳಿಯಿತು.

ಐದು ದಿನ ಸುತ್ತಿದರು. ಆ ತಂತಿ ತಲೆಗೂದಲಿಗಿಂತ ತೆಳು, ಸ್ವಲ್ಪ ಜಗ್ಗಿದರೂ ತುಂಡಾಗುತ್ತದೆ. ಕೈಯಿಂದ ತಿರುಗಿಸುವ ಮೆಷಿನ್ನು, ಹಲ್ಲಿನ ಚಕ್ರ, ಮರದ ಹಿಡಿ. ಸಾವಿರಾರು ಸುತ್ತು, ಪದರ ಪದರಕ್ಕೂ ಎಣ್ಣೆ ಕಾಗದ. ಅವರು ಎಣಿಸುವಾಗ ಅಂಗಡಿಯಲ್ಲಿ ಯಾರೂ ಉಸಿರು ಬಿಡಬಾರದು. ನಾನು ಒಂದು ಮಧ್ಯಾಹ್ನ ಹೋಗಿ ನೋಡಿದೆ. ಕಣ್ಣು ಮುಚ್ಚಿಕೊಂಡೇ ತಿರುಗಿಸುತ್ತಿದ್ದರು, ಎಡಗೈಯ ಎರಡು ಬೆರಳ ನಡುವೆ ತಂತಿ ಹರಿಯುತ್ತಿತ್ತು. ಕಣ್ಣಿನ ಕೆಲಸವನ್ನು ಬೆರಳಿಗೆ ಒಪ್ಪಿಸಿಬಿಟ್ಟಿದ್ದರು. ಸುತ್ತಿದ್ದಾದ ಮೇಲೆ ಅಂಗಡಿಯ ಕಾಯಿಲಿನ ಹಾಗೆಯೇ ಅಂಟು ಎರಕ ಹೊಯ್ದು, ನುಣ್ಣಗೆ ಉಜ್ಜಿ ಕೊಟ್ಟರು.

ಗುರುವಾರ ಮಧ್ಯಾಹ್ನ ಹಾಕಿದೆ. ಒಂದೇ ಕಿಕ್ಕು. ಎದ್ದಿತು ನೋಡಿ! ನಾನು ಫೋನ್ ಮಾಡಿ, "ಕೆಂಪಣ್ಣ, ಕೇಳಿಸ್ಕೊಳಿ," ಅಂತ ಮೊಬೈಲನ್ನು ಸೈಲೆನ್ಸರಿನ ಹತ್ತಿರ ಹಿಡಿದೆ. "ಒಂದ್ಸಲ ಆಫ್ ಮಾಡಿ ಮತ್ತೆ ಒಡೀರಿ," ಅಂದರು. ಆಫ್ ಮಾಡಿ ಮತ್ತೆ ಹೊಡೆದೆ. ಮತ್ತೆ ಒಂದೇ ಕಿಕ್ಕು. ಆಗ ಅವರು ಮಗಳನ್ನು ಕೂಗಿದ್ದು ಫೋನಿನಲ್ಲಿ ಕೇಳಿಸಿತು. "ಸಿಂಚನಾ, ಬಾರವ್ವ ಇಲ್ಲಿ, ಇದ ಕೇಳು." ಅರವತ್ತಾರು ವರ್ಷದ ಮನುಷ್ಯನ ದನಿ ಅಷ್ಟು ಎಳೆಯದಾಗಿ ಕೇಳಿದ್ದು ನನಗೆ ಅದೇ ಮೊದಲು.

ನನಗೂ ಖುಷಿಯಾಯಿತು. ಕೆಂಪಣ್ಣನ ಕಾಯಿಲ್ ಅಂತ ಮೂರು ಗೆರೆಯನ್ನು ಸ್ವಲ್ಪ ದಪ್ಪವಾಗಿಯೇ ಎಳೆದು, ಟ್ಯಾಂಕ್ ಕೂರಿಸಿ, ಸಂಜೆ ಡಾಕ್ಟರಿಗೆ ಗಾಡಿ ಒಪ್ಪಿಸಿದೆ. ಹತ್ತು ದಿನ ಬಿಟ್ಟು ಬರುವ ಭಾನುವಾರ ಅವರಿಗೆ ಹಳೇ ಗಾಡಿಗಳ ಮೆರವಣಿಗೆ ಇತ್ತು. ಧೈರ್ಯವಾಗಿ ಹೋಗಿ ಬನ್ನಿ ಅಂದೆ.

ಶುಕ್ರವಾರ ಬೆಳಿಗ್ಗೆ ಆರೂವರೆಗೆ ಫೋನು. ರಾತ್ರಿಯೆಲ್ಲ ಜಡಿ ಮಳೆ ಹಿಡಿದಿತ್ತು. "ರುದ್ರಸ್ವಾಮಿಯವರೇ, ಬೇಜಾರ್ ಮಾಡ್ಕೋಬೇಡಿ, ಮತ್ತೆ ಸ್ಟಾರ್ಟ್ ಆಗ್ತಿಲ್ಲ."

ಸಿದ್ಧಾರ್ಥನಗರಕ್ಕೆ ಹೋಗುವಷ್ಟರಲ್ಲಿ ಡಾಕ್ಟರು ಮೀಟರ್ ಹಿಡಿದುಕೊಂಡು ಗಾಡಿಯ ಪಕ್ಕ ಕೂತಿದ್ದರು. "ಕಾಯಿಲ್ ರೀಡಿಂಗ್ ಸರಿಯಾಗೇ ಇದೆ ಸರ್. ಎರಡೂ ಕಡೆ ಚೆಕ್ ಮಾಡ್ದೆ. ಒಳಗಡೆ ತಂತಿ ಎಲ್ಲೂ ಕಟ್ ಆಗಿಲ್ಲ."

"ಮೀಟರ್ ಗಾಡಿ ಓಡಿಸ್ತದಾ ಡಾಕ್ಟ್ರೇ?" ಅಂದೆ. "ಪ್ಲಗ್ಗಿಗೆ ಕರೆಂಟ್ ಬರ್ತಿಲ್ಲ. ಮಿಕ್ಕಿದ್ದೆಲ್ಲ ಹೊಸದು. ಇನ್ನು ಉಳಿದಿರೋದು ಏನು? ಕಾಯಿಲು. ಎತ್ತಿಡಿ ನಿಮ್ಮ ಮೀಟ್ರು."

ಆ ಮನುಷ್ಯ ನಿಜ ಹೇಳುತ್ತಿದ್ದರು. ನನಗೆ ಕೇಳುವ ತಾಳ್ಮೆ ಇರಲಿಲ್ಲ. ಕಾಯಿಲ್ ಬಿಚ್ಚಿ ಜೇಬಿಗೆ ಹಾಕಿಕೊಂಡು, ಹಲ್ಲು ಕಡಿಯುತ್ತಾ ಸೀದಾ ಲಷ್ಕರ್ ಮೊಹಲ್ಲಾಕ್ಕೆ ಸ್ಕೂಟರ್ ಬಿಟ್ಟೆ. ದಾರಿಯುದ್ದಕ್ಕೂ ಅಂದುಕೊಂಡದ್ದು ಒಂದೇ. ಮೂರು ವಾರ ಹಾಳಾಯಿತು, ಮೊಣಕಾಲು ಹೋಯಿತು, ಹಲ್ಲಿನ ಡಾಕ್ಟರ ಮುಂದೆ ಮರ್ಯಾದೆ ಹೋಯಿತು. ನನ್ನದನ್ನು ಬಿಟ್ಟು ಬೇರೆಯವರದು ಏನು ಹೋಗುತ್ತದೆ ಅನ್ನುವ ಯೋಚನೆಯೇ ಬರಲಿಲ್ಲ.

ಅಂಗಡಿಯಲ್ಲಿ ಪಂಪ್‌ಸೆಟ್ ರಿಪೇರಿಯ ಅಶ್ವತ್ಥ ಇದ್ದ, ಮಿಕ್ಸಿ ತಂದಿದ್ದ ಇಬ್ಬರು ಹೆಂಗಸರಿದ್ದರು. ಸಿಂಚನ ಬ್ಯಾಂಕಿಗೆ ಹೋಗುವ ಮುಂಚೆ ಅಪ್ಪನಿಗೆ ತಿಂಡಿ ಡಬ್ಬಿ ತಂದುಕೊಟ್ಟು ನಿಂತಿದ್ದಳು. ಕೆಂಪಣ್ಣ ನನ್ನ ಸ್ಕೂಟರಿನ ಸದ್ದು ಗುರುತಿಸಿ, ನಗುತ್ತಲೇ ತಲೆ ಎತ್ತಿದರು. ನಾನು ಕಾಯಿಲನ್ನು ಅವರ ಮೇಜಿನ ಮೇಲೆ ಕುಕ್ಕಿದೆ.

"ಓಡ್ನಿಲ್ವಾ ಸ್ವಾಮಿ?" ಅಂದರು.

ಅಷ್ಟಕ್ಕೆ ನಿಲ್ಲಿಸಬಹುದಿತ್ತು. "ಇಲ್ಲ ಕೆಂಪಣ್ಣ," ಅಂದಿದ್ದರೆ ಮುಗಿಯುತ್ತಿತ್ತು.

"ಒಂದೇ ರಾತ್ರಿಗೆ ಹೋಯ್ತು! ನಿನ್ನ ಕೈ ಹೋಯ್ತು ಕಣಯ್ಯಾ, ಕೈ ಹೋಯ್ತು! ಕಣ್ಣು ಕಾಣಲ್ಲ ಅಂದ್ಮೇಲೆ ಸುಮ್ನೆ ಮನೇಲಿ ಬಿದ್ದಿರ್ಬೇಕು. ಊರೋರ ಸಾಮಾನು ಯಾಕೆ ಹಾಳ್ ಮಾಡ್ತೀಯ?"

ಮಿಕ್ಸಿಯ ಹೆಂಗಸರಲ್ಲಿ ಒಬ್ಬಳು ತನ್ನ ಮಿಕ್ಸಿಯನ್ನು ಮೆಲ್ಲಗೆ ಮೇಜಿನಿಂದ ಎತ್ತಿ ಮಡಿಲಿಗೆ ಇಟ್ಟುಕೊಂಡಳು. ಕೆಂಪಣ್ಣ ಅದನ್ನು ನೋಡಿದರು. ಕಣ್ಣು ಮಂದ ಇದ್ದರೂ ಅದು ಕಂಡಿತು. ಕನ್ನಡಕ ತೆಗೆದು ಅಂಗಿಯ ಚುಂಗಿನಲ್ಲಿ ಒರೆಸಿದರು, ಹಾಕಿಕೊಳ್ಳಲಿಲ್ಲ. ಕಾಯಿಲನ್ನು ಮೇಜಿನ ಖಾನೆಯೊಳಗೆ ಇಟ್ಟು ಮುಚ್ಚಿದರು. "ಆಯ್ತು ಸ್ವಾಮಿ," ಅಂದರು. ಗೆದ್ದದ್ದು ಸಿಂಚನ, ಆದರೆ ಅವಳ ಕಣ್ಣಲ್ಲಿ ನೀರು ನಿಂತಿತ್ತು.

ಮನೆಗೆ ಬಂದು ನಡೆದದ್ದನ್ನು ಹೇಳಿದಾಗ ಪ್ರೇಮಲೀಲಾ ತಟ್ಟೆಗೆ ಅನ್ನ ಬಡಿಸುತ್ತಿದ್ದವಳು ಕೈ ನಿಲ್ಲಿಸಿದಳು. "ಏಕವಚನದಲ್ಲಿ ಅಂದ್ರಾ?" ಅಂತ ಅದೊಂದನ್ನೇ ಕೇಳಿದಳು. ಕೋಪದಲ್ಲಿ ಬಂತು ಅಂದೆ. ಈ ಸಲ ಮಾತು ಬಿಟ್ಟವಳು ಅವಳು.

ಮಂಗಳವಾರ ಸಂಜೆ ಅಶ್ವತ್ಥ ನನ್ನ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿದ. "ಕೆಂಪಣ್ಣ ಮೆಷಿನ್ ಕೊಟ್‌ಬುಟ್ರು ಗೊತ್ತಾ? ನಂಜನಗೂಡಿನ ಷಡಕ್ಷರಿ ಅಂತ ಒಬ್ರು ನಾಳೆ ಹತ್ತು ಗಂಟೆಗೆ ಬಂದು ಎತ್ಕೊಂಡ್ ಹೋಗ್ತಾರಂತೆ. ನಿಮಗೆ ಸಮಾಧಾನ ಆಯ್ತಲ್ಲ ಬಿಡಿ," ಅಂತ ಹೇಳಿ ಹೋದ. ನನಗೆ ಸಮಾಧಾನ ಆಗಲಿಲ್ಲ. ಆದರೂ ಒಳಗೊಳಗೇ ವಾದ ಮಾಡುತ್ತಿದ್ದೆ. ಕಾಯಿಲ್ ಓಡಲಿಲ್ಲ ತಾನೇ? ಓಡದಿದ್ದರೆ ಬಾಗಿಲು ಹಾಕುತ್ತೇನೆ ಅಂದವರು ಅವರೇ ತಾನೇ? ನಾನು ಹೇಳಿದ್ದರಲ್ಲಿ ಸುಳ್ಳೇನಿತ್ತು?

ಬುಧವಾರ ಬೆಳಿಗ್ಗೆ ಏಳೂವರೆಗೇ ಅಂಗಡಿ ತೆಗೆದೆ. ಹಿಂದಿನ ದಿನ ಡಾಕ್ಟರು ಗಾಡಿಯನ್ನು ಟೆಂಪೋದಲ್ಲಿ ಕಳಿಸಿದ್ದರು, ಜೊತೆಗೆ ಕೊರಿಯರಿನಲ್ಲಿ ತರಿಸಿದ ನಾಲ್ಕನೇ ಕಾಯಿಲು. ಇದೂ ಸತ್ತರೆ ಆ ಗಾಡಿಯನ್ನು ತೂಕಕ್ಕೆ ಹಾಕುತ್ತೇನೆ ಅಂತ ಬೈದುಕೊಂಡೇ ಟ್ಯಾಂಕ್ ಬಿಚ್ಚಿ ಕಾಯಿಲ್ ಕೂರಿಸಿದೆ. ಅಷ್ಟರಲ್ಲಿ ಪ್ರೇಮಲೀಲಾ ತಿಂಡಿ ಡಬ್ಬಿ ಹಿಡಿದು ಬಂದಳು. ಐದು ದಿನದ ಮೇಲೆ ಬಾಯಿ ಬಿಟ್ಟಳು.

"ಪ್ರತಿ ಸಲಾನೂ ಗಾಡಿ ಓಡಿಸಿ ಆಮೇಲೆ ದೇವರನ್ನ ನೆನೀತೀರ. ಅದಕ್ಕೇ ಹೀಗಾಗ್ತಿರೋದು. ಈ ಸಲ ಮೊದಲು ವಿಭೂತಿ ಹಚ್ಚಿ, ಆಮೇಲೆ ಕಿಕ್ ಹೊಡೀರಿ."

ಬೇರೆ ದಿನವಾಗಿದ್ದರೆ ಜಗಳ ಆಡುತ್ತಿದ್ದೆ. ಅವಳು ಮಾತಾಡಿದ್ದೇ ಸಾಕಾಗಿತ್ತು. ಅಂಗೈಯಲ್ಲಿ ನೀರು ಹಾಕಿ ವಿಭೂತಿ ಕಲಸಿ, ಕಾಯಿಲಿನ ಮೇಲೆ ಮೂರು ಗೆರೆ ಎಳೆದೆ. ಹೊರಗೆ ಗಾಳಿ ಎದ್ದು ಹನಿಯೆಲ್ಲ ಒಳಗೇ ಎರಚಿತು. ಶಟರನ್ನು ಮಂಡಿಯವರೆಗೆ ಎಳೆದೆ. ಎಳೆದದ್ದೇ ತಡ, ಕರೆಂಟೂ ಹೋಯಿತು. ಅಂಗಡಿಯೊಳಗೆ ಕತ್ತಲೆ. ನನಗೆ ಅದೂ ಒಂದು ಉರಿ. ಪ್ಲಗ್ಗನ್ನು ಬಿಚ್ಚಿ ಇಂಜಿನ್ನಿನ ಮೇಲೆ ಮಲಗಿಸಿ, ಕಿಡಿ ಬರುತ್ತದೆಯೇ ನೋಡು ಅಂತ ಅವಳಿಗೆ ಹೇಳಿ ಕಿಕ್ ಹೊಡೆದೆ.

"ಪ್ಲಗ್ಗಲ್ಲಿ ಏನೂ ಇಲ್ಲ," ಅಂದಳು.

ಮತ್ತೆ ಹೊಡೆದೆ.

"ರೀ, ನಿಮ್ಮ ವಿಭೂತಿ ಉರೀತಿದೆ."

"ಏನು?"

"ಇಲ್ಲಿ ನೋಡ್ರೀ. ಮೇಲೆ."

ಬಗ್ಗಿ ನೋಡುತ್ತಾ ಕೈಯಿಂದಲೇ ಕಿಕ್ಕರ್ ಒತ್ತಿದೆ. ಕತ್ತಲೆಯಲ್ಲಿ ನೀಲಿ ಕಿಡಿ ಕಾಯಿಲಿನ ತಲೆಯಿಂದ ಹೊರಟು, ಹಸಿ ವಿಭೂತಿಯ ಗೆರೆಯ ಮೇಲೆ ಚಿಟಿಚಿಟಿ ಅಂತ ಓಡಿ, ಪಕ್ಕದ ಕಬ್ಬಿಣದ ಪಟ್ಟಿಗೆ ಇಳಿಯಿತು. ಇನ್ನೊಂದು ಸಲ ಒತ್ತಿದೆ. ಎರಡನೇ ಗೆರೆಯ ಮೇಲೆ ಓಡಿತು. ಪ್ಲಗ್ಗಿಗೆ ಹೋಗಬೇಕಾದ ಕರೆಂಟು ನಾನು ಎಳೆದ ಗೆರೆ ಹಿಡಿದು ಅಡ್ಡದಾರಿಯಲ್ಲಿ ಇಳಿದು ಹೋಗುತ್ತಿತ್ತು.

ನಾನು ನೆಲದ ಮೇಲೆ ಕೂತುಬಿಟ್ಟೆ. ಮೂವತ್ತೊಂದು ವರ್ಷ ಹಚ್ಚಿದ್ದೇನೆ, ಏನೂ ಆಗಿಲ್ಲ. ಆಗುವುದು ಹೇಗೆ? ಹಳೇ ಕಾಯಿಲಿಗೆ ಇರುತ್ತಿದ್ದದ್ದು ತಗಡಿನ ಡಬ್ಬಿ. ತಗಡಿನ ಮೇಲೆ ಏನು ಹಚ್ಚಿದರೂ ಕರೆಂಟಿಗೆ ಅದರ ಗೊಡವೆಯಿಲ್ಲ. ಈ ಹೊಸದು ಬರೀ ಅಂಟಿನ ಎರಕ. ದಪ್ಪ ವೈರ್ ಹೊರಡುವ ತಲೆಗೂ ಕೆಳಗಿನ ಕಬ್ಬಿಣಕ್ಕೂ ನಡುವೆ ಎರಡು ಬೆರಳು ಜಾಗ. ಆ ಜಾಗಕ್ಕೆ ನಾನೇ ಸೇತುವೆ ಕಟ್ಟುತ್ತಿದ್ದೆ. ಡಾಕ್ಟರು ಬರುವಷ್ಟರಲ್ಲಿ ಇಂಜಿನ್ನಿನ ಬಿಸಿಗೆ ಬೂದಿ ಒಣಗಿರುತ್ತಿತ್ತು. ಒಣಗಿದ್ದರೆ ಓಡುತ್ತಿತ್ತು, ಬೆಳಗಿನ ಥಂಡಿ ಕುಡಿದರೆ ಸಾಯುತ್ತಿತ್ತು. ಎಬ್ಬಿಸಿ ನೋಡಿದ ಮೇಲೆ ಹಚ್ಚುತ್ತಿದ್ದದ್ದರಿಂದ ನನ್ನ ಕಣ್ಣ ಮುಂದೆ ಒಂದು ದಿನವೂ ಸಾಯಲಿಲ್ಲ. ಗುಜರಿ ಡಬ್ಬಿಯಿಂದ ಮೊದಲ ಎರಡು ಕಾಯಿಲ್ ಹುಡುಕಿ ತೆಗೆದೆ. ಶಟರಿನ ಕೆಳಗಿನ ಬೆಳಕಿಗೆ ಹಿಡಿದೆ. ಎರಡರ ಮೇಲೂ ಮೂರು ಬೂದು ಗೆರೆ, ಗೆರೆಯ ನಡುವೆ ಸುಟ್ಟು ಕಪ್ಪಾದ ಸಣ್ಣ ಎಳೆ.

"ನಾನೇ ಮಾಡಿದ್ದು ಲೀಲಾ," ಅಂದೆ. "ಮೂರನ್ನೂ ನಾನೇ ಕೊಂದಿದ್ದು."

"ಅದು ಆಮೇಲೆ. ಗಂಟೆ ಎಷ್ಟು ನೋಡಿ," ಅಂದಳು.

ಒಂಬತ್ತೂ ಮುಕ್ಕಾಲು. ತಿಂಡಿ ಡಬ್ಬಿ ಅಲ್ಲೇ ಬಿಟ್ಟು, ಸುಟ್ಟ ಎರಡು ಕಾಯಿಲನ್ನೂ ಜೇಬಿಗೆ ಹಾಕಿಕೊಂಡು ಹೊರಟೆ. ಅಗ್ರಹಾರದ ಸರ್ಕಲ್ಲಿನಲ್ಲಿ ಒಂದು ಬಸ್ಸು ಅಡ್ಡ ನಿಂತಿತ್ತು, ಅದನ್ನು ಬೈದೆ. ಮಳೆಯನ್ನು ಬೈದೆ. ಪ್ಲಾಸ್ಟಿಕ್ಕಿನ ಕಾಯಿಲ್ ಕಂಡುಹಿಡಿದವನನ್ನು ಬೈದೆ. ಬೈಗುಳ ಮುಗಿದಾಗ ಉಳಿದವನು ನಾನೊಬ್ಬನೇ. ನಾಚಿಕೆಯಾಯಿತು. ಆ ವಯಸ್ಸಿನಲ್ಲಿ, ಸ್ಕೂಟರಿನ ಮೇಲೆ, ನಡುರಸ್ತೆಯಲ್ಲಿ ಅಳು ಬರುವಷ್ಟು ನಾಚಿಕೆಯಾಯಿತು.

ಕೆಂಪಣ್ಣನ ಅಂಗಡಿಯ ಮುಂದೆ ಲಗೇಜ್ ಆಟೋ ನಿಂತಿತ್ತು. ಸುತ್ತುವ ಮೆಷಿನ್ನಿನ ಮರದ ಹಿಡಿಯನ್ನು ಬಿಚ್ಚಿ ಪಕ್ಕಕ್ಕಿಟ್ಟಿದ್ದರು. ನಂಜನಗೂಡಿನ ಷಡಕ್ಷರಿ ಹಗ್ಗ ಬಿಗಿಯುತ್ತಿದ್ದ, ಅಶ್ವತ್ಥ ಕೈಜೋಡಿಸಿದ್ದ, ಅಕ್ಕಪಕ್ಕದ ಅಂಗಡಿಯವರು ಮೂರು ನಾಲ್ಕು ಜನ ಸೇರಿದ್ದರು. ಕೆಂಪಣ್ಣ ಖಾಲಿಯಾದ ಮೇಜಿನ ಹಿಂದೆ, ಎರಡೂ ಕೈ ತೊಡೆಯ ಮೇಲಿಟ್ಟು ಕೂತಿದ್ದರು. ಸಿಂಚನ ರಜೆ ಹಾಕಿ ಬಂದಿದ್ದಳು.

"ಹಗ್ಗ ಬಿಚ್ಚಿ," ಅಂದೆ. "ಕೆಂಪಣ್ಣ, ಕಾಯಿಲಲ್ಲಿ ಏನೂ ತಪ್ಪಿಲ್ಲ. ಈ ಹೊಸ ಎಲೆಕ್ಟ್ರಾನಿಕ್ ಇದೆಯಲ್ಲ, ಇದು ಬಹಳ ಸೂಕ್ಷ್ಮ, ಮೈ ಬೇರೆ ಪ್ಲಾಸ್ಟಿಕ್ಕು, ಮಳೆಗಾಲ ಬೇರೆ, ಥಂಡಿ ಹಿಡಿದು..."

"ತಪ್ಪು ಯಾರದು ಅಂಕಲ್?" ಸಿಂಚನ ಕೇಳಿದಳು.

ಬೀದಿಯವರೆಲ್ಲ ನನ್ನನ್ನೇ ನೋಡುತ್ತಿದ್ದರು. ಅವತ್ತು ನಾನು ಕೂಗಿದ್ದನ್ನು ಕೇಳಿಸಿಕೊಂಡವರೇ ಅವರು.

"ನನ್ನದು," ಅಂದೆ. ದನಿ ಸಣ್ಣದಾಯಿತು ಅನ್ನಿಸಿ ಮತ್ತೆ ಜೋರಾಗಿ ಹೇಳಿದೆ. "ನನ್ನದು. ನಾನೇ ಕಾಯಿಲಿನ ಮೇಲೆ ವಿಭೂತಿ ಎಳೆದು ಕರೆಂಟ್ ಕಳೆದೆ. ಗಾಡಿ ಕೆಡಿಸಿದ್ದು ನಾನು, ಬೈದಿದ್ದು ಇವರನ್ನ. ಇವರ ಕೈಗೆ ಏನೂ ಆಗಿಲ್ಲ. ತಪ್ಪಾಯ್ತು ಕೆಂಪಣ್ಣ." ಸುಟ್ಟ ಕಾಯಿಲನ್ನು ಮೇಜಿನ ಮೇಲಿಟ್ಟು ಗೆರೆ ತೋರಿಸಿದೆ. ಒಬ್ಬ ಕಿಸಕ್ಕಂತ ನಕ್ಕ. ನಗಲಿ ಅಂದುಕೊಂಡೆ.

ಕೆಂಪಣ್ಣ ಖಾನೆ ಎಳೆದರು. ಅವರ ಕಾಯಿಲ್ ನಾನು ಕುಕ್ಕಿಹೋದ ದಿನ ಇಟ್ಟಲ್ಲೇ ಇತ್ತು. ಹೆಬ್ಬೆರಳನ್ನು ಅದರ ಮೇಲೆ ಮೆಲ್ಲಗೆ ಎಳೆದರು, ಒಂದು ಕಡೆ ಬೆರಳು ನಿಂತಿತು. "ಇದಾ?" ಅಂದರು. ಬ್ಲೇಡಿನಿಂದ ಕೆರೆದು, ಬಟ್ಟೆಗೆ ಪೆಟ್ರೋಲ್ ಅದ್ದಿ ಒರೆಸಿ, ಮತ್ತೆ ಬೆರಳು ಎಳೆದು ನೋಡಿ, ಇನ್ನೊಂದು ಸಲ ಕೆರೆದರು. ಮೇಜಿನ ಮೂಲೆಯಲ್ಲಿ ಅವರ ಪರೀಕ್ಷೆಯ ಹಲಗೆ ಇದೆ. ಒಂದು ಬ್ಯಾಟರಿ, ಎರಡು ಮೊಳೆ, ಮೊಳೆಗಳ ನಡುವೆ ಬೆರಳಿನಷ್ಟು ಜಾಗ. ಅಷ್ಟೇ. ಕಾಯಿಲನ್ನು ಅದಕ್ಕೆ ಸಿಕ್ಕಿಸಿ ವೈರ್ ತಾಗಿಸಿದರು.

ಮೊಳೆಯಿಂದ ಮೊಳೆಗೆ ಕಿಡಿ ಚಟ್ ಅಂತ ಹಾರಿತು. ಮತ್ತೆ ತಾಗಿಸಿದರು, ಮತ್ತೆ ಹಾರಿತು. ದಪ್ಪ ಕಿಡಿ, ನೀಲಿ, ಹಗಲಿನಲ್ಲೇ ಕಾಣುವಂಥದ್ದು. ಸಿಂಚನ ಅಪ್ಪನ ಹೆಗಲ ಮೇಲೆ ಕೈ ಇಟ್ಟಳು. ಷಡಕ್ಷರಿ ತಾನೇ ಹಗ್ಗ ಬಿಚ್ಚಿದ. "ಈ ಕೈ ಇರೋರ ಮೆಷಿನ್ ನಾನು ಎತ್ಕೊಂಡ್ ಹೋದ್ರೆ ನನಗೆ ಒಳ್ಳೇದಾಗಲ್ಲ," ಅಂದ. ಅಶ್ವತ್ಥನೂ ಅವನೂ ಸೇರಿ ಮೆಷಿನ್ನನ್ನು ಮತ್ತೆ ಮೇಜಿನ ಮೇಲೆ ತಂದಿಟ್ಟರು.

ಆ ಗಾಡಿ ಇವತ್ತಿಗೂ ಅದೇ ಕಾಯಿಲಿನಲ್ಲಿ ಓಡುತ್ತಿದೆ, ಮೆರವಣಿಗೆಗೂ ಹೋಗಿಬಂತು. ಡಾಕ್ಟರ ಮೀಟರಿಗೂ ಕ್ಷಮೆ ಕೇಳಿದ್ದೇನೆ. ನಾನು ಈಗ ಹ್ಯಾಂಡಲ್ಲಿಗೆ ಮಾತ್ರ ವಿಭೂತಿ ಹಚ್ಚುತ್ತೇನೆ. ಇಷ್ಟಾದರೆ ಕಥೆ ಮುಗಿಯಬೇಕಿತ್ತು. ಆದರೆ ಅವತ್ತು ಎಲ್ಲರೂ ಹೊರಟ ಮೇಲೆ ಒಂದು ಮಾತು ನಡೆಯಿತು.

ಮೆಷಿನ್ನಿಗೆ ಮರದ ಹಿಡಿ ಮತ್ತೆ ಕೂರಿಸಬೇಕಿತ್ತು. ಬೋಲ್ಟಿನ ತೂತು ಕೆಂಪಣ್ಣನ ಕಣ್ಣಿಗೆ ಸಿಗುತ್ತಿರಲಿಲ್ಲ. ಬೆರಳಿನಿಂದ ಹುಡುಕಿ ಅವರೇ ಬೋಲ್ಟ್ ಕೊಟ್ಟರು, ನಾನು ಸ್ಪ್ಯಾನರ್ ಹಿಡಿದೆ. ಆ ಪರೀಕ್ಷೆಯ ಹಲಗೆ ನನ್ನ ಕಣ್ಣೆದುರೇ ಇತ್ತು. ಐದು ದಿನವೂ ಅವರ ಕಣ್ಣೆದುರೇ, ಒಂದು ಗೇಣು ದೂರದಲ್ಲೇ ಇತ್ತು. ತಡೆಯಲಾರದೆ ಕೇಳಿಬಿಟ್ಟೆ.

"ಕೆಂಪಣ್ಣ, ಒಂದೇ ಒಂದ್ಸಲ ಹಲಗೆಗೆ ಹಚ್ಚಿ ನೋಡಿದ್ರೆ ಅವತ್ತೇ ಗೊತ್ತಾಗ್ತಿತ್ತು. ನನ್ನ ಮುಖಕ್ಕೇ ಬಿಸಾಕ್ಬೋದಿತ್ತು. ಯಾಕೆ ನೋಡ್ಲಿಲ್ಲ?"

ಅವರು ಹಿಡಿಯನ್ನು ಅಲ್ಲಾಡದ ಹಾಗೆ ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು.

"ಬ್ಯಾರೆ ಯಾರಾದ್ರೂ ಅಂದಿದ್ರೆ ನೋಡ್ತಿದ್ದೆ," ಅಂದರು. "ನೀವು ಅಂದ್ರಲ್ಲ ಸ್ವಾಮಿ."

ನಾನು ಸ್ಪ್ಯಾನರ್ ಹಿಡಿದುಕೊಂಡು ನಿಂತೇ ಇದ್ದೆ.

"ಬಿಗಿ ಮಾಡಿ," ಅಂದರು.